ಮೂರು ಊರಿನ ಒಂದು ಶಾಫ್ಟು

ಹೋಟೆಲಿನ ಅಡುಗೆಮನೆಯನ್ನೂ ವಾಹನದ ಹೊಟ್ಟೆಯನ್ನೂ ಮನುಷ್ಯ ಇಣುಕಿ ನೋಡಬಾರದು. ಮೊದಲನೆಯದನ್ನು ನೋಡಿದವನಿಗೆ ಊಟ ಸೇರುವುದಿಲ್ಲ, ಎರಡನೆಯದನ್ನು ನೋಡಿದವನಿಗೆ ಪ್ರಯಾಣ ಸೇರುವುದಿಲ್ಲ. ನಾನು ಹುಟ್ಟು ಅಂಜುಬುರುಕ ಎಂದು ನಮ್ಮ ಮನೆಯವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ದೆವ್ವಕ್ಕೆ ನಾನು ಅಂಜುವವನಲ್ಲ. ಹಾವಿಗೆ ಎಲ್ಲರೂ ಎಷ್ಟು ಅಂಜುತ್ತಾರೋ ಅಷ್ಟೇ. ಹೆಡ್ ಮಾಸ್ತರರಿಗೆ, ಅವರು ಎದುರಿಗಿದ್ದಾಗ ಮಾತ್ರ. ನನ್ನ ಅಂಜಿಕೆಯ ಜಾತಿಯೇ ಬೇರೆ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಯಾರಾದರೂ ಬಿಡಿಸಿ ಹೇಳಿದರೆ ಸಾಕು, ಅದು ಹೇಗೆಲ್ಲ ಕೆಡಬಹುದು ಎಂಬುದನ್ನು ಉಳಿದ ಆಯುಷ್ಯವೆಲ್ಲ ನಾನೇ ಬಿಡಿಸಿಕೊಳ್ಳುತ್ತ ಕೂಡುತ್ತೇನೆ. ನಮ್ಮ ಶಾಲೆಯ ವಿಜ್ಞಾನದ ಮಾಸ್ತರರು ಒಮ್ಮೆ ಚಹಾ ಕುಡಿಯುತ್ತ ಪ್ರೆಶರ್ ಕುಕ್ಕರಿನ ತತ್ವ ವಿವರಿಸಿದರು. ಅಂದಿನಿಂದ ನಮ್ಮ ಮನೆಯಲ್ಲಿ ಬೇಳೆ ಬೇಯುವತನಕ ನಾನು ಅಂಗಳದಲ್ಲಿರುತ್ತೇನೆ. ಇಂಥವನಿಗೆ ದೇವರು ಒಂದು ಹಳೆಯ ಜೀಪು ಗಂಟು ಹಾಕಿ, ಸಾಲದೆಂದು ಅದರ ಹಿಂದಿನ ಎಕ್ಸಲ್ಲನ್ನೂ ಮುರಿದ. ಅಂಜುವವನ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ಹಾಗಾಯಿತು.

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಜೀಪು ನಮ್ಮಪ್ಪನದು. ಕಾಲುವೆ ಕೆಲಸ ಹಿಡಿದಿದ್ದ ಗುತ್ತಿಗೆದಾರನೊಬ್ಬ ಕೆಲಸ ಮುಗಿಸಿ ಊರು ಬಿಡುವಾಗ ಅದನ್ನು ಅಪ್ಪನಿಗೆ ದಾಟಿಸಿ ಹೋಗಿದ್ದ. ಬಂದ ದಿನದಿಂದಲೇ ಅಪ್ಪ ಅದನ್ನು ಎತ್ತುಗಳ ಸಾಲಿಗೆ ಸೇರಿಸಿಬಿಟ್ಟ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಅಪ್ಪ ಜೀಪನ್ನೂ ಸೋಮವಾರ ಹೊರಗೆ ತೆಗೆಯಗೊಡುತ್ತಿರಲಿಲ್ಲ. "ವಾರದಾಗ ಒಂದಿನ ಅದಕ್ಕೂ ಮೈ ಆರಲಿ" ಎಂದು ಬಾನೆಟ್ಟಿನ ಮೇಲೆ ಕೈಯಾಡಿಸುತ್ತಿದ್ದ. ಉಳಿದ ದಿನ ನಡೆಸುವವನು ನಾನು, ಪಕ್ಕದಲ್ಲಿ ಕೂತು "ಹೋ, ಹೋ, ಸಾವಕಾಶ" ಅನ್ನುವವನು ಅಪ್ಪ.

ಆ ವರ್ಷ ನನ್ನ ಹೆಂಡತಿ ಸುವರ್ಣಾ ಚೊಚ್ಚಲ ಬಸುರಿ. ಅವಳ ತವರು ಇಂಡಿ ತಾಲ್ಲೂಕಿನಲ್ಲಿ, ಝಳಕಿಯಿಂದ ಒಳಗೆ ಎರೆಮಣ್ಣಿನ ದಾರಿ ಹಿಡಿದರೆ ಸಿಗುವ ಒಂದು ಹಳ್ಳಿ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಲು ಬಂದಿದ್ದ ನಮ್ಮ ಅತ್ತೆ, ಒಂಬತ್ತರಲ್ಲಿ ಬಿದ್ದ ಮೇಲೆ ಬಾಡಿಗೆಗೆ ಟ್ರ್ಯಾಕ್ಸ್ ಮಾಡಿಕೊಂಡು ಬಂದು ಮಗಳನ್ನು ಬಾಣಂತನಕ್ಕೆ ಕರೆದೊಯ್ಯುವುದಾಗಿ ಹೇಳಿದರು. ಅಪ್ಪನಿಗೆ ಅದು ಹೇಗೆ ತಾನೇ ತಡೆದೀತು. "ಮನ್ಯಾಗ ಜೀಪ್ ಇಟ್ಕೊಂಡು ಸೊಸೀನ ಬಾಡಿಗಿ ಗಾಡ್ಯಾಗ ಕಳಸ್ಲೇನ್ರಿ ಬೀಗರ? ನಿಮ್ಮ ಊರ ದಾರಿ ಮಳಿಗಾಲದಾಗ ಹೆಂಗಿರ್ತೈತಿ ನನಗ ಗೊತ್ತಿಲ್ಲೇನು. ಟ್ರ್ಯಾಕ್ಸ್ ಹುಗೀತೈತಿ. ನಮ್ಮದು ನಾಕೂ ಗಾಲಿ ಎಳೀತೈತಿ. ನಮ್ಮ ಹುಡುಗ ತಂದು ಬಿಡ್ತಾನ" ಎಂದ. ಹುಡುಗ ಎಂದರೆ ನಾನು. ಅತ್ತೆ ಸಂತೋಷದಿಂದ ಹೋದರು. ಒಂಬತ್ತು ಬೀಳಲು ಇನ್ನು ಕೆಲವೇ ದಿನ ಎಂಬಷ್ಟರಲ್ಲಿ ಅಪ್ಪ ಜೀಪಿನ ತುಂಬ ಉಳ್ಳಾಗಡ್ಡಿ ಚೀಲ ಹೇರಿಸಿದ್ದಾಗ, ಹಳ್ಳ ದಾಟಿ ದಿಬ್ಬ ಹತ್ತುವಲ್ಲಿ ಹಿಂಭಾಗದಿಂದ ಕಡಕ್ ಎಂಬ ಸದ್ದು ಬಂತು. ಎಂಜಿನ್ನು ಒದರುತ್ತಲೇ ಇತ್ತು, ಗಾಲಿ ಮಾತ್ರ ಅಲುಗಲಿಲ್ಲ.

ಮೌನೇಶ ಮಿಸ್ತ್ರಿಯ ಗ್ಯಾರೇಜು ಬಾಗೇವಾಡಿಯಲ್ಲಿ ಮನಗೂಳಿಯ ಕಡೆ ಹೋಗುವ ರಸ್ತೆಯ ಬದಿಗೇ ಇತ್ತು. ಅವನ ಅಜ್ಜ ಚಕ್ಕಡಿ ಮಾಡುತ್ತಿದ್ದವನು, ತಂದೆ ಚಕ್ಕಡಿಯ ಗಾಲಿಗೆ ಹಳಿ ಬಿಗಿಯುತ್ತಿದ್ದವನು. ಇವನು ಜೀಪು, ಟ್ರ್ಯಾಕ್ಟರಿಗೆ ಬಂದಿದ್ದ. ಮೌನೇಶ ಎಂದು ಹೆಸರಿಟ್ಟವರು ಅವನನ್ನು ತೊಟ್ಟಿಲಲ್ಲಷ್ಟೇ ನೋಡಿರಬೇಕು, ಮುಂದೆ ಅವನು ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. "ಒಳಗಿನ ಗೇರಿನ ಹಲ್ಲೆಲ್ಲಾ ಉದುರ್ಯಾವ್ರಿ ಸರ. ಇದಕ್ಕ ಔಷಧ ಇಲ್ಲ. ಇಡೀ ಎಕ್ಸಲ್ ಬದ್ಲಿ ಮಾಡೂಣು" ಎಂದ. ಸಿಂದಗಿಯಲ್ಲಿ ಒಬ್ಬರ ಹಿತ್ತಲಲ್ಲಿ ಎಂಜಿನ್ನಿಲ್ಲದ ಜೀಪೊಂದು ಕೋಳಿಗೂಡಾಗಿ ನಿಂತಿತ್ತು. ಕೋಳಿಗಳನ್ನು ಎಬ್ಬಿಸಿ, ಅದರ ಹಿಂದಿನ ಎಕ್ಸಲ್ಲು ಬಿಚ್ಚಿ, ಬಸ್ಸಿನ ಟಾಪಿನ ಮೇಲೆ ಹೇರಿ ತಂದದ್ದಾಯಿತು. ಜೀಪಿನ ಕೆಳಗೆ ಕೂಡಿಸಿದರೆ ಅಳತೆ ಸರಿಯಾಗಿ ಕೂತಿತು. ನಾನು ಆ ದಿನ ನೆಮ್ಮದಿಯಿಂದ ಊಟ ಮಾಡಿದೆ. ಹಾಗೆ ನೆಮ್ಮದಿಯಿಂದ ಊಟ ಮಾಡಿದ್ದು ಅದೇ ಕಡೆಯ ಸಲ.

ಏಕೆಂದರೆ ಮರುದಿನ ಮೌನೇಶ ನನ್ನನ್ನು ಕರೆದು ಜೀಪಿನ ಹೊಟ್ಟೆ ತೋರಿಸಿದ. ಎಂಜಿನ್ನಿನ ಕಡೆಯಿಂದ ಹಿಂದಿನ ಎಕ್ಸಲ್ಲಿಗೆ ತಿರುಗುವ ಶಕ್ತಿ ಮುಟ್ಟಿಸುವುದಕ್ಕೆ ಒಂದು ಕಬ್ಬಿಣದ ಕೊಳವೆ ಇರುತ್ತದೆ, ಅದೇ ಶಾಫ್ಟು. ಅದರ ಎರಡೂ ತುದಿಗೆ ಕೀಲು, ಕೀಲಿನೊಳಗೆ ಕೂಡಿಸುವ ಲೆಕ್ಕದ ಗುರುತಿನ ಹಾಗೆ ಕಾಣುವ ಒಂದು ತುಂಡು, ಅದಕ್ಕೆ ಕ್ರಾಸ್ ಎಂದು ಹೆಸರು. ನಮ್ಮ ಶಾಫ್ಟಿನ ಕ್ರಾಸು ಸಣ್ಣದು, ಸಿಂದಗಿಯ ಎಕ್ಸಲ್ಲಿನ ಬಾಯಿ ದೊಡ್ಡದು. ಇದು ಅದರೊಳಗೆ ನಿಲ್ಲುವುದಿಲ್ಲ, ಅದು ಇದನ್ನು ಹಿಡಿಯುವುದಿಲ್ಲ. ಸುತ್ತ ನಿಂತವರಲ್ಲಿ ಒಬ್ಬರು ನಡುವೆ ತಗಡಿನ ಪಟ್ಟಿ ಸುತ್ತಿ ಬಡಿಯಿರಿ ಎಂದರು. ಇನ್ನೊಬ್ಬರು ಅದಕ್ಕಿಂತ ಎತ್ತು ಕಟ್ಟಿಬಿಡಿ ಎಂದರು. ಮೌನೇಶ ಮಾತ್ರ, ದೊಡ್ಡ ಕ್ರಾಸಿನ ಶಾಫ್ಟೊಂದು ಮುದ್ದೇಬಿಹಾಳದ ಹಳೆಯ ಸಾಮಾನಿನ ಅಂಗಡಿಯಲ್ಲಿ ಬಿದ್ದಿದೆ, ಅದರ ಹಿಂದಿನ ಅರ್ಧ ಕತ್ತರಿಸಿ ನಮ್ಮದರ ಮುಂದಿನ ಅರ್ಧಕ್ಕೆ ಬೆಸೆದರೆ ಎರಡೂ ಕಡೆಯ ಬಾಯಿ ಸರಿಹೋಗುತ್ತದೆ ಎಂದ. ಮುದ್ದೇಬಿಹಾಳಕ್ಕೆ ಹೋಗಿ ತಂದವನು ನಾನೇ. ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಇನ್ನು ಮುಂದೆ ನಮ್ಮ ಜೀಪಿನ ಹೊಟ್ಟೆಯಲ್ಲಿ ಮೂರು ತಾಲ್ಲೂಕು ಒಟ್ಟಿಗೆ ಬಾಳುವೆ ಮಾಡಬೇಕಲ್ಲ ಎಂದು ಯೋಚಿಸುತ್ತಿದ್ದೆ. ನಮ್ಮ ಜಿಲ್ಲೆಯ ಇತಿಹಾಸ ಬಲ್ಲ ನನಗೆ ಅದರಲ್ಲಿ ಹೆಚ್ಚಿನ ಭರವಸೆ ಬರಲಿಲ್ಲ.

"ಬೆಸಗಿ ಬಿಟ್ಟರ ಏನಾಗ್ತೈತಿ ಮೌನೇಶ?" ಎಂದು ನಾನು ಕೇಳಬಾರದಿತ್ತು.

"ಏನಿಲ್ರಿ ಸರ. ಮುಂದಿನ ತುದಿ ಕಳಚಿತಂದ್ರ ಅಷ್ಟ. ಅದು ಹೋಗಿ ನೆಲಕ್ಕ ನಾಟ್ತೈತಿ, ಗಾಡಿನ ಹಿಂದಿನಿಂದ ಎತ್ತಿ ಒಗೀತೈತಿ."

"ಹಿಂದಿನ ತುದಿ ಕಳಚಿದ್ರ?"

"ಅದೇನ ಭಾಳ ಅಲ್ಲ. ಬರೇ ತಳಾ ಬಡೀತೈತಿ. ತಿರಗೂದು ಜೋರ್ ಇರ್ತೈತಲ್ರಿ, ತಳದ ತಗಡಿನ ಪತ್ರಾ ಹರದು ಸೀಟಿನ ಬುಡಕ ಬರ್ತೈತಿ" ಎಂದು ಅವನು ಬೀಡಿ ಹಚ್ಚಿದ. ಆ ಸೀಟಿನ ಮೇಲೆ ಕೂಡುವವಳು ಒಂಬತ್ತು ತಿಂಗಳ ಬಸುರಿ. ಎಷ್ಟು ಬೇಡವೆಂದರೂ ಆ ತಿರುಗುವ ಕಬ್ಬಿಣ ಕಣ್ಣಮುಂದೆ ಬಂದು, ಕ್ಲಾಸಿನಲ್ಲಿ ಆದಿಲಶಾಹಿ ಕಲಿಸುತ್ತಿದ್ದವನು ನಡುವೆ ನಿಂತುಬಿಡುತ್ತಿದ್ದೆ. ಊಟಕ್ಕೆ ಕೂತರೆ ರೊಟ್ಟಿಯನ್ನು ಸುರುಳಿ ಸುತ್ತಿ ತಿರುಗಿಸುತ್ತ ಕೂಡುತ್ತಿದ್ದೆ. ಸುವರ್ಣಾಗೆ ಏನೂ ಹೇಳಲಿಲ್ಲ. ಬಸುರಿಗೆ ಅಂಜಿಕೆ ಹುಟ್ಟಿಸಬಾರದು ಎಂದು ಹಿರಿಯರು ಹೇಳುತ್ತಾರೆ. ಬಸುರಿಯ ಗಂಡನ ವಿಷಯದಲ್ಲಿ ಅವರು ಏನೂ ಹೇಳಿಲ್ಲ. ಎರಡು ತುದಿಯ ಕೀಲು ಒಂದೇ ಗೆರೆಯಲ್ಲಿರಬೇಕು, ತುಸು ಓರೆಯಾದರೂ ಗಾಡಿ ನಡುಗುತ್ತದೆ ಎಂದು ಮೌನೇಶ ಸೀಮೆಸುಣ್ಣದಿಂದ ಗೆರೆ ಎಳೆದದ್ದನ್ನು ನಾನು ಶಾಲೆ ಬಿಟ್ಟ ಮೇಲೆ ದಿನವೂ ಹೋಗಿ ಕಣ್ಣು ಕಿರಿದು ಮಾಡಿ ನೋಡಿ ಬರುತ್ತಿದ್ದೆ. ಅದು ಒಮ್ಮೆ ನೆಟ್ಟಗೆ, ಒಮ್ಮೆ ಓರೆಯಾಗಿ ಕಾಣುತ್ತಿತ್ತು.

ಭಾನುವಾರ ಮೌನೇಶ ಬೆಸುಗೆ ಮುಗಿಸಿ ಶಾಫ್ಟು ಕೂಡಿಸಿದ. ಖಾಲಿ ಜೀಪು ಗ್ಯಾರೇಜಿನ ಅಂಗಳದಲ್ಲಿ ಹಿಂದೆ ಮುಂದೆ ಓಡಾಡಿತು. ನಾನು, ಅಪ್ಪ, ಮೌನೇಶ, ಸುತ್ತ ನಿಂತವರಲ್ಲೊಬ್ಬ, ನಾಲ್ವರೂ ಹತ್ತಿ ಕೂತದ್ದೇ ತಡ, ಕೆಳಗಿನಿಂದ ಟಕ್ ಎಂದು ಏನೋ ಗುದ್ದಿತು. ನಾನು ಎಲ್ಲರಿಗಿಂತ ಮೊದಲು ಕೆಳಗಿದ್ದೆ. ಕಾರಣ ಕಂಡುಹಿಡಿದವನು ಅಪ್ಪ. "ಅಳತಿ ಯಾವಾಗ ತಗೊಂಡಿ?" ಎಂದು ಕೇಳಿದ. "ಜೀಪ್ ಖಾಲಿ ಇದ್ದಾಗರಿ ಕಾಕಾ" ಎಂದ ಮೌನೇಶ. "ಚಕ್ಕಡಿ ಮಾಡೂ ಮನಿತನದಾವ ಆಗಿ ಹಿಂಗ ಮಾಡಿದ್ಯಲ್ಲೋ. ಖಾಲಿ ಚಕ್ಕಡ್ಯಾಗ ನೊಗದ ಭಾರ ತಿಳೀತೈತೇನು? ಮಂದಿ ಕುಂತ್ರ ಸ್ಪ್ರಿಂಗಿನ ಪಾಟಾ ಕುಂಡ್ರತಾವು, ಎಕ್ಸಲ್ ಸರೀತೈತಿ. ಹೇರಿ ಅಳಿಬೇಕು" ಎಂದ ಅಪ್ಪ. ಮಾತು ನಿಜ. ನಮ್ಮ ಕಡೆ ಖಾಲಿ ಜೀಪು ಓಡಿದ್ದನ್ನು ಯಾರು ಕಂಡಿದ್ದಾರೆ. ಶಾಫ್ಟಿನ ಉದ್ದ ತುಸು ಹೆಚ್ಚಾಗಿತ್ತು. ಮತ್ತೆ ಕತ್ತರಿಸಬೇಕು, ಮತ್ತೆ ಬೆಸೆಯಬೇಕು. ಮರುದಿನ ಸೋಮವಾರ, ಅಪ್ಪ ಜೀಪು ಮುಟ್ಟಗೊಡಲಿಲ್ಲ. ಬಸವಣ್ಣನ ಮೇಲೆ ನನಗೆ ಅಂದು ಹುಟ್ಟಿದಷ್ಟು ಭಕ್ತಿ ಎಂದೂ ಹುಟ್ಟಿರಲಿಲ್ಲ. ಬುಧವಾರ ಸುವರ್ಣಾಳನ್ನು ಕಳಿಸುವುದೆಂದು ಮುಹೂರ್ತ ಗೊತ್ತಾಗಿತ್ತು.

ಮಂಗಳವಾರ ಶಾಲೆಗೆ ರಜೆ ಹಾಕಿ ಗ್ಯಾರೇಜಿಗೆ ಹೋದೆ. ಭಾರಕ್ಕೆಂದು ಅಪ್ಪ ನಮ್ಮ ಓಣಿಯ ಹಿರಿಯರನ್ನು ಕರೆತಂದಿದ್ದ. ಅವರೆಲ್ಲ ತಲೆಯ ಪಟಕ ಸರಿಮಾಡಿಕೊಂಡು ಜೀಪಿನಲ್ಲಿ ಕೂತು ಎಲೆ ಅಡಿಕೆ ಬಿಚ್ಚಿದರು. ಮೌನೇಶ ಕೆಳಗೆ ಅಂಗಾತ ಮಲಗಿ ಟೇಪು ಹಿಡಿದವನು, "ಇನ್ನೂ ಒಂದ ನಾಕ ಮಂದಿ ಬೇಕ್ರೀ" ಎಂದು ಕೂಗಿದ. ಹೇಳಿದೆನಲ್ಲ, ಗ್ಯಾರೇಜು ಮನಗೂಳಿ ರಸ್ತೆಯ ಬದಿಗಿತ್ತು. ಆ ದಿನಗಳಲ್ಲಿ ಊರೂರಿಗೆ ಓಡುವ ಸರ್ವಿಸ್ ಜೀಪುಗಳು ಹೀಗೇ ಅರ್ಧ ತುಂಬಿ ನಿಂತು, ಇನ್ನು ನಾಲ್ಕು ಮಂದಿಗೆ ಹೀಗೇ ಕೂಗುತ್ತಿದ್ದವು. ಬುಟ್ಟಿ ಹೊತ್ತ ಮುದುಕಿಯೊಬ್ಬಳು ಬಂದು, "ಮನಗೂಳಿಗೇನಪಾ?" ಎಂದಳು. ಅಪ್ಪನಿಗೆ ಬೇಕಾಗಿದ್ದು ಭಾರ. "ಕೂಡಬೇ ಯವ್ವಾ, ಕೂಡು" ಎಂದ. ಅವಳ ಹಿಂದೆ ಕೂಸು ಎತ್ತಿಕೊಂಡ ಗಂಡಹೆಂಡತಿ ಹತ್ತಿದರು, ಅವರ ಹಿಂದೆ ಇನ್ನಷ್ಟು ಮಂದಿ. ನಾನು ಬಾಯಿ ತೆರೆಯುವಷ್ಟರಲ್ಲಿ ಇಬ್ಬರು ಹಿಂದಿನ ಬಾಗಿಲಿಗೆ ಜೋತುಬಿದ್ದಿದ್ದರು. "ಈಗ ನೋಡ್ರಿ, ಬರೋಬ್ಬರಿ ಭಾರ" ಎಂದ ಮೌನೇಶ ಕೆಳಗಿನಿಂದ.

ಅಳತೆ ಹಿಡಿದು, ಶಾಫ್ಟು ಇಳಿಸಿ, ಕತ್ತರಿಸಿ, ಬೆಸೆದು, ತಣಿಸಿ, ಮತ್ತೆ ಕೂಡಿಸುವತನಕ ಆ ಜನ ಇಳಿಯಲಿಲ್ಲ. ಸರ್ವಿಸ್ ಜೀಪು ಹೊರಡುವುದು ತಡವಾಗುವುದಕ್ಕೆ ಅವರು ಎಷ್ಟು ಹೊಂದಿಕೊಂಡಿದ್ದರೆಂದರೆ, ಡ್ರೈವರನಿಲ್ಲದೆ, ಶಾಫ್ಟೂ ಇಲ್ಲದೆ ನಿಂತ ಜೀಪಿನಲ್ಲಿ ಮಳೆ ಬೆಳೆ ಮಾತಾಡುತ್ತ ಕೂತೇ ಇದ್ದರು. ಅಷ್ಟರಲ್ಲಿ ಮನಗೂಳಿಯ ಬಸ್ಸು ಅವರೆದುರಿಗೇ ಹಾದುಹೋಯಿತು. ಕೊನೆಯ ಬೋಲ್ಟು ಬಿಗಿದ ಮೇಲೆ ನಾನು ಕೈಮುಗಿದು, ಇದು ಸರ್ವಿಸ್ ಜೀಪಲ್ಲ, ಮನೆಯ ಗಾಡಿ, ರಿಪೇರಿಗೆ ಬಂದದ್ದು ಎಂದೆ. ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹಂಗಾರ ನಮ್ಮನ್ಯಾಕ ಹತ್ತಿಸ್ಕೊಂಡ್ರಿ? ನಮ್ಮ ಬಸ್ ಹೋತು. ಈಗ ನೀವ ಬಿಡ್ರಿ" ಎಂದಳು. ಉಳಿದವರೂ ಹೌದೌದು ಎಂದರು. ಅಪ್ಪ, "ಕೂಡ್ರಿ ಅಂತ ನಾನ ಅಂದೇನಿ, ಮಾತ ಕೊಟ್ಟಂಗಾತು. ಹೆಂಗೂ ಟ್ರಯಲ್ ಆಗಬೇಕಲ್ಲ, ಬಿಟ್ಟು ಬಾ" ಎಂದವನೇ ತನ್ನ ಗೆಳೆಯರನ್ನು ಕರೆದುಕೊಂಡು ಇಳಿದುಬಿಟ್ಟ. ಮೌನೇಶನಿಗೆ ಬೇರೆ ಕೆಲಸವಿತ್ತಂತೆ.

ಮನಗೂಳಿಗೆ ನಾನು ಜೀಪು ನಡೆಸಿದೆನೆನ್ನುವುದು ತಪ್ಪು, ಜೀವ ಕೈಯಲ್ಲಿ ಹಿಡಿದುಕೊಂಡು ಆ ಜೀಪನ್ನು ದಾರಿಯುದ್ದಕ್ಕೂ ಬೇಡಿಕೊಂಡೆ. ಹಸಿ ಬೆಸುಗೆ, ಮೇಲೆ ಒಂದು ಜೀಪು ತುಂಬ ಮಂದಿಯ ಜೀವ, ಅದರಲ್ಲೊಂದು ಕೈಗೂಸು. ನನ್ನ ಕಿವಿ ಮಾತ್ರ ಜೀಪಿನ ಹೊಟ್ಟೆಯಲ್ಲಿತ್ತು. ಹಿಂದೆ ಕೂತವರ ಗದ್ದಲದಲ್ಲಿ ಏನೂ ಕೇಳಿಸದೆ, "ಸ್ವಲ್ಪ ಸುಮ್ಮನಿರ್ರಿ" ಎಂದು ಬೇಡಿಕೊಂಡೆ. ಎಲ್ಲರೂ ಒಮ್ಮೆಲೇ ಸುಮ್ಮನಾದರು. ಆ ಮೌನದಲ್ಲಿ ಬಾಗಿಲಿಗೆ ಜೋತುಬಿದ್ದವನೊಬ್ಬ ಮೆಲ್ಲಗೆ, "ಯಾಕ್ರಿ, ಏನರ ಕೆಟ್ಟೈತೇನು?" ಎಂದ. ಏನಿಲ್ಲ ಎಂದೆ. ನಾನು ಹೇಳಿದ ರೀತಿಯಿಂದ ಎಲ್ಲರಿಗೂ ಎಲ್ಲ ಗೊತ್ತಾಯಿತು. ಕೂಸಿನ ತಾಯಿ ಮನೆದೇವರನ್ನು ನೆನೆಯತೊಡಗಿದಳು, ನಾನು ಅವಳ ಜೊತೆಗೇ ನೆನೆದೆ. ಎತ್ತಿನ ಚಕ್ಕಡಿಯೊಂದು ನಮ್ಮನ್ನು ಹಿಂದೆ ಹಾಕಿ ಹೋಯಿತು. ಶಾಫ್ಟು ಮಾತ್ರ ಚಕಾರ ಎತ್ತಲಿಲ್ಲ. ಮನಗೂಳಿಯಲ್ಲಿ ಇಳಿದವರು ಕೊಡಬಂದ ಬಾಡಿಗೆ ನಾನು ಮುಟ್ಟಲಿಲ್ಲ. ತೂಕದ ಕಲ್ಲುಗಳ ಹತ್ತಿರ ಯಾರಾದರೂ ಬಾಡಿಗೆ ಕೇಳುತ್ತಾರೆಯೇ. ಮುದುಕಿ ಬುಟ್ಟಿ ಇಳಿಸಿಕೊಳ್ಳುತ್ತ, "ಹೊಟ್ಟ್ಯಾಗಿನ ನೀರು ಅಳಗ್ಯಾಡಲಿಲ್ಲ ನೋಡಪಾ. ಆದ್ರ ಹಿಂಗ ಹೊಡದ್ರ ನಿನ್ನ ಜೀಪಿನ್ಯಾಗ ನಾಳೆ ಯಾರೂ ಹತ್ತೂದಿಲ್ಲ" ಎಂದಳು.

ಒಬ್ಬನೇ ಹಿಂದಿರುಗುವಾಗ ನನಗೆ ಧೈರ್ಯ ಬಂದಂತಿತ್ತು. ಮನೆಗೆ ಬಂದು, "ಜೀಪ್ ಭೇಷ್ ಐತಿ, ನಾಳೆ ನಾನ ನಿನ್ನ ಬಿಡತೇನಿ" ಎಂದು ಸುವರ್ಣಾಗೆ ಹೇಳಿದೆ. ಸೀರೆ ಮಡಚುತ್ತಿದ್ದ ಅವಳು ತಲೆ ಎತ್ತಲಿಲ್ಲ. "ನೀವು ನಡಸೂದು ಬ್ಯಾಡ್ರಿ. ಮೌನೇಶಪ್ಪ ನಡಸ್ಲಿ. ಆಗಲೇ ಮಾವಾರಿಗೆ ಹೇಳೇನಿ."

"ಯಾಕ? ನಿನಗ ಜೀಪಿಂದು ಅಂಜಿಕಿ ಏನು?"

"ಜೀಪಿಗೆ ನಾ ಯಾಕ ಅಂಜಲಿ. ನಿಮಗ ಅಂಜತೇನಿ. ಎಂಟ ದಿನ ಆತು, ರೊಟ್ಟಿ ಸುತ್ತಿ ಸುತ್ತಿ ತಿರಗಸ್ತೀರಿ, ತಿನ್ನೂದಿಲ್ಲ. ನಿಮ್ಮ ಜೀವೆಲ್ಲಾ ಗಾಡಿ ಬುಡಕ ಇರ್ತೈತಿ. ಮುಂದಿನ ದಾರಿ ನೋಡಾವ್ರು ಯಾರು?" ಎಂದಳು.

ಹಾಗಾಗಿ ಬುಧವಾರ ಮೌನೇಶ ಸ್ಟೇರಿಂಗ್ ಹಿಡಿದ, ಸುವರ್ಣಾ ಅವನ ಪಕ್ಕದ ಸೀಟಿನಲ್ಲಿ ದಿಂಬಿಗೆ ಒರಗಿದಳು, ನಾನು ಹಿಂದೆ ಟ್ರಂಕಿನ ಜೊತೆ. ಹಿಂದೆ ಕೂತವನ ಕಾಲ ಕೆಳಗೇ ಶಾಫ್ಟು ತಿರುಗುತ್ತದೆ. ಬಿಜಾಪುರ ದಾಟುವತನಕ ನಾನು ಅಂಗೈಯನ್ನು ತಳದ ತಗಡಿಗೆ ಒತ್ತಿ, ಜ್ವರ ನೋಡುವವರ ಹಾಗೆ ಕೂತಿದ್ದೆ. ಬಡಿಯುವುದಾದರೆ ಮೊದಲು ನನಗೇ ಬಡಿಯಲಿ, ಅವಳವರೆಗೆ ಮುಟ್ಟುವುದು ಬೇಡ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಹೀಗೆ ಹೇಳಿಕೊಳ್ಳುವಾಗಲೂ ಕಾಲು ಮಾತ್ರ ತಾವಾಗಿ ಮೇಲೆ ಬಂದು ಟ್ರಂಕಿನ ಮೇಲೆ ಮಡಚಿಕೊಂಡಿದ್ದವು. ಮೌನೇಶ ದಾರಿಯುದ್ದಕ್ಕೂ ಹಿಂದಕ್ಕೆ ಹೊರಳಿ ನನ್ನೊಡನೆ ಮಾತಾಡುತ್ತಿದ್ದ. ಸುವರ್ಣಾಗೆ ನಿದ್ದೆ ಹತ್ತಿತ್ತು.

ಝಳಕಿಯಲ್ಲಿ ಡಾಂಬರು ಬಿಟ್ಟು ಎರೆಮಣ್ಣಿನ ದಾರಿಗೆ ಇಳಿಯುವಲ್ಲಿ ಮೌನೇಶ ಜೀಪು ನಿಲ್ಲಿಸಿದ. ಹಿಂದಿನ ದಿನ ಅಲ್ಲಿ ಮಳೆಯಾಗಿ ದಾರಿಯೆಲ್ಲ ರಾಡಿ, ಬರೀ ಕೆಸರು. ನಾಲ್ಕೂ ಗಾಲಿಗೆ ಎಳೆತ ಹಚ್ಚುವ ಹಿಡಿಕೆಯ ಮೇಲೆ ಕೈಯಿಟ್ಟು, "ಅಂದಂಗ ಸರ, ಒಂದು ಹೇಳೂದು ಮರತಿದ್ದೆ" ಎಂದ. "ಸಿಂದಗಿ ಎಕ್ಸಲ್ದು ಒಳಗಿನ ಹಲ್ಲಿನ ಲೆಕ್ಕ ಬ್ಯಾರೆ, ನಮ್ಮ ಮುಂದಿನ ಎಕ್ಸಲ್ದು ಬ್ಯಾರೆ. ನಾಕೂ ಗಾಲಿ ಹಚ್ಚಿದ್ರ ಮುಂದಿಂದು ಒಂದ ಸುತ್ತ ತಿರಗೂದ್ರಾಗ ಹಿಂದಿಂದು ಒಂದ ಸುತ್ತಿನ ಮ್ಯಾಲ ಸ್ವಲ್ಪ ತಿರಗತೈತಿ."

"ಆಮೇಲೆ?" ಎಂದೆ.

"ಗಟ್ಟಿ ರಸ್ತ್ಯಾಗ ಆದ್ರ ಎರಡೂ ಜಗ್ಗ್ಯಾಡಿ ನಡುವಿಂದು ಏನರ ಒಂದು ಹರೀತೈತ್ರಿ. ಆದ್ರ ಇದು ರಾಡಿ. ರಾಡ್ಯಾಗ ಗಾಲಿ ಜಾರತಾವು, ಲೆಕ್ಕ ಅಲ್ಲೇ ಸರಿ ಆಗ್ತೈತಿ. ಹಂಗಂತ ತಿಳ್ಕೊಂಡೇನಿ" ಎಂದವನೇ ಹಿಡಿಕೆ ಜಗ್ಗಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ನಾನು ಎಷ್ಟೋ ಸಲ ಹುಡುಗರಿಗೆ ಬಿಡಿಸಿ ಹೇಳಿದ್ದೇನೆ. ಎತ್ತು ಮತ್ತು ಕೋಣದ ನಡುವಿನ ಹಗ್ಗದ ಮೇಲೆ ಕೂತದ್ದು ಅದೇ ಮೊದಲು. ಜೀಪು ನರಳಿತು, ಬಾಲ ಬೀಸಿತು, ಒಮ್ಮೆ ಇಡಿಯಾಗಿ ಅಡ್ಡ ಜಾರಿತು. ಪ್ರತಿ ನರಳಿಕೆಗೂ ನನ್ನ ಕಣ್ಣು ಸುವರ್ಣಾಳ ಬೆನ್ನಿನ ಮೇಲೆ. ಅವಳು ಒಮ್ಮೆ ಎಚ್ಚರಾಗಿ, "ನಮ್ಮ ಹೊಲದ ಬೇವಿನ ಗಿಡ ಬಂತು" ಎಂದು ಹೇಳಿ ಮತ್ತೆ ಒರಗಿದಳು. ಮಣ್ಣು ಹಿಡಿದು ಗಾಲಿಗಳು ತಮ್ಮ ಎರಡು ಪಟ್ಟು ಆಗಿದ್ದವು. ಬೆಸುಗೆ ಬಿಡಲಿಲ್ಲ, ಕ್ರಾಸು ಮುರಿಯಲಿಲ್ಲ, ಮೂರು ತಾಲ್ಲೂಕೂ ಕೂಡಿ ನಾಲ್ಕನೆಯ ತಾಲ್ಲೂಕಿನ ಕೆಸರು ದಾಟಿದವು.

ಮನೆಯ ಮುಂದೆ ನಮ್ಮ ಅತ್ತೆ ಒಂದು ಕೈಯಲ್ಲಿ ನೀರಿನ ಚರಿಗೆ, ಇನ್ನೊಂದು ಕೈಯಲ್ಲಿ ರೊಟ್ಟಿ ಹಿಡಿದು ನಿಂತಿದ್ದರು. ದಾರಿಯಲ್ಲಿ ಬಸುರಿಗೆ ಗಾಳಿ ಧೂಳಿ ಸೋಕಿದ್ದರೆ ಹೋಗಲೆಂದು ಹೊಸ್ತಿಲಾಚೆಗೇ ನಿಲ್ಲಿಸಿ ಮೇಲಿನಿಂದ ಕೆಳಗೆ ನೀವಾಳಿಸಿ ಎಸೆಯುವುದು ಅಲ್ಲಿಯ ಪದ್ಧತಿ. ಸುವರ್ಣಾ ತಾನೇ ಇಳಿದು, ಸೆರಗು ಕೊಡವಿಕೊಂಡು ತಾಯಿಯ ಮುಂದೆ ಹೋಗಿ ನಿಂತಳು. ನನ್ನನ್ನು ಇಳಿಸಿದವನು ಮೌನೇಶ. ಕಾಲು ಮರಗಟ್ಟಿ ನೆಲ ಹತ್ತಲಿಲ್ಲ, ಅವನ ಹೆಗಲ ಮೇಲೆ ಕೈ ಹಾಕಿಕೊಂಡು ನಿಂತೆ. ಅತ್ತೆ ರೊಟ್ಟಿ ಎತ್ತಿದವರು ಹಾಗೇ ತಡೆದರು. ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ಮತ್ತೊಮ್ಮೆ ಮಗಳ ಮುಖ ನೋಡಿದರು. "ಸುವರ್ಣಾ, ನೀ ಸ್ವಲ್ಪ ಸರದು ನಿಂದರು. ಮೊದಲ ಅಳಿಯಂದರದು ತಗೀತೇನಿ" ಎಂದರು.

ನನ್ನ ಮೇಲೆ ಆ ರೊಟ್ಟಿಯನ್ನು ಮೂರು ಸಲ ನೀವಾಳಿಸಿ ಎಸೆದರು. ಆಮೇಲೆ, ಬಾಣಂತಿಗೆಂದು ಒಳಗೆ ಬೆಚ್ಚಗೆ ಕೌದಿ ಹಾಸಿ ಸಿದ್ಧಮಾಡಿಟ್ಟಿದ್ದ ಹೊರಸಿನ ಮೇಲೆ ಮೊದಲು ಮಲಗಿಸಿದ್ದು ನನ್ನನ್ನು. ಸುವರ್ಣಾ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ನನಗೆ ಗಾಳಿ ಬೀಸುತ್ತಿದ್ದಳು.